ಹೊಸ್ತಿಲ ಬಳಿಯ ಗಾಳಿಹಗ್ಗ

"ಈ ವರ್ಷ ಎಲ್ಲಾದ್ರೂ ಬಿದ್ರಾ, ಅಪಾ?"

ಊರಿನ ಹಿರಿಯ ಹೆಂಗಸರನ್ನೆಲ್ಲ ಅಪಾ ಎಂದೇ ಕರೆಯುವ ಆರೋಗ್ಯ ಕೇಂದ್ರದ ನರ್ಸ್ ಜಿಪಾರ್ ಹೀಗೆ ಕೇಳಿದಾಗ ಕಲೀಪಾ ಬಿಡುವಾಗಿದ್ದ ಕೈಯಿಂದ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದಳು. ಕೈ ಒಂದಿಷ್ಟೂ ಅಲುಗಲಿಲ್ಲ.

"ಬೀಳೋಕೆ ನಾನೇನು ಕುಡಿದಿದೀನಾ? ಚಹಾ ತಗೋ, ಆರಿಹೋಗುತ್ತೆ."

ಜಿಪಾರ್ ರಕ್ತದೊತ್ತಡ ನೋಡುವ ಪಟ್ಟಿಯನ್ನು ಮುದುಕಿಯ ತೋಳಿನಿಂದ ಬಿಚ್ಚಿದಳು. ಬಿಚ್ಚುವಾಗ ಮೊಣಕೈ ಕಣ್ಣಿಗೆ ಬಿತ್ತು.

"ಮತ್ತೆ ಇಲ್ಲಿ ನೀಲಿಗಟ್ಟಿದೆಯಲ್ಲ?"

"ಹಸು ಒದೀತು."

"ನಿಮಗೆ ಹಸು ಎಲ್ಲಿದೆ ಅಪಾ?"

"ಬಾತ್ಮಾದು. ಹಸುವಿಗೆ ಇದು ಯಾರ ಮೊಣಕೈ ಅಂತ ಗೊತ್ತಿರುತ್ತಾ?"

ಜಿಪಾರ್ ನಕ್ಕು ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡಳು. ಅವಳು ಹೋಗಬೇಕಾದ ಮನೆಗಳು ಇನ್ನೂ ಬಹಳ ಇದ್ದವು.

ನಿಜ ಹೇಳಬೇಕೆಂದರೆ ಬಾತ್ಮಾಳ ಹಸು ಬಹಳ ಸಾಧು. ಕಲೀಪಾ ಬಿದ್ದದ್ದು ತನ್ನ ಮನೆಯ ಹೊಸ್ತಿಲಲ್ಲೇ, ಅದೂ ಮೊದಲ ಸಲವೇನಲ್ಲ. ಚಳಿಗಾಳಿ ಒಳಗೆ ನುಗ್ಗದಿರಲೆಂದು ಅವಳ ಗಂಡ ಬದುಕಿದ್ದಾಗ ಗೇಣೆತ್ತರದ ದಿಮ್ಮಿಯನ್ನೇ ಹೊಸ್ತಿಲಾಗಿ ಕೂರಿಸಿದ್ದ. ಹೊಸ್ತಿಲನ್ನು ತುಳಿಯುವಂತಿಲ್ಲ, ದಾಟಬೇಕು. ದಾಟುವಾಗ ಬಾಗಿಲ ಚೌಕಟ್ಟನ್ನು ಕೈಚಾಚಿ ಹಿಡಿಯುವಂತೆಯೂ ಇಲ್ಲ. ಹಾಗೆ ಹಿಡಿದು ನಿಲ್ಲುವುದು ಒಳಗೆ ಹೆಣವಿರುವ ಮನೆಯವರು ಮಾತ್ರ. ಏನೂ ಆಗದ ಮನೆಯಲ್ಲಿ ಹಿಡಿದರೆ ಸಾವನ್ನು ಕೂಗಿ ಕರೆದ ಹಾಗೆ. ಚಿಕ್ಕಂದಿನಲ್ಲಿ ಒಮ್ಮೆ ಹಾಗೆ ಆತು ನಿಂತಿದ್ದಕ್ಕೆ ಅಜ್ಜಿ ಸೌಟಿನಿಂದ ಬೆರಳ ಮೇಲೆ ಹೊಡೆದದ್ದು ಕಲೀಪಾಳಿಗೆ ಈಗಲೂ ನೆನಪಿದೆ.

ಕಾಲಿನಲ್ಲಿ ಕಸುವಿದ್ದಾಗ ಇದೊಂದು ಕಷ್ಟವೆಂದು ಯಾರಿಗೂ ಅನ್ನಿಸುವುದಿಲ್ಲ. ಈಗ ಒಂದು ಕಾಲು ಆಚೆ ಇಟ್ಟು ಇನ್ನೊಂದನ್ನು ಎಳೆದುಕೊಳ್ಳುವ ಗಳಿಗೆಯಲ್ಲಿ, ಹಿಡಿಯಲು ಏನೂ ಇಲ್ಲದೆ, ಅಂಗಳವೇ ಒಂದು ಸುತ್ತು ತಿರುಗಿದಂತಾಗುತ್ತಿತ್ತು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಸಾವಿನ ಮನೆಗಳಿಗೆ ತನ್ನನ್ನು ಕರೆಯುವುದು ನಿಂತುಹೋಗುತ್ತದೆ ಎಂಬ ಭಯ. ಎಲ್ಲ ಸಾವಿನ ಮನೆಗಳ ಮಾತು ಹಾಗಿರಲಿ, ಒಂದು ಮನೆಗಂತೂ ಅವಳು ಹೋಗಲೇಬೇಕಿತ್ತು.

ನರೀನ್ ನದಿಯ ಮೇಲ್ಕಣಿವೆಯ ಆ ಹಳ್ಳಿಯಲ್ಲಿ ಹಾಡಿ ಅಳುವುದೆಂದರೆ ಕಲೀಪಾಳೇ ಹಾಡಬೇಕು. ಸತ್ತವರ ಮನೆಯ ಪಕ್ಕ ಉಣ್ಣೆಯ ಗುಡಾರ ಏಳುತ್ತದೆ. ಹೆಣವನ್ನು ಅದರೊಳಗೆ ಮಲಗಿಸಿ, ಹೆಂಗಸರು ಬಾಗಿಲಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ, ಸೊಂಟಕ್ಕೆ ಕೈಯಿಟ್ಟು ನೆಲದ ಮೇಲೆ ಕೂರುತ್ತಾರೆ. ಅತ್ತೆ ಸತ್ತ ದಿನ ಆಕೆಯ ಹೆಣ್ಣುಮಕ್ಕಳಿಗೆ ಅಳು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮೂಲೆಯಲ್ಲಿದ್ದ ಎಳೆ ಸೊಸೆ ಕಲೀಪಾಳ ಬಾಯಿಂದ ಅತ್ತೆಯ ಬದುಕೆಲ್ಲ ಹಾಡಾಗಿ ಹೊರಬಂತು: ಆಕೆ ಹಾಲು ಕರೆದ ಕುದುರೆಗಳು, ಕಳೆದುಕೊಂಡ ಕೂಸು, ಬೈದ ಬೈಗುಳ, ಎಲ್ಲ. ಹೊರಗೆ ನಿಂತಿದ್ದ ಗಂಡಸರೂ ಬಿಕ್ಕಿದರು. ಅಲ್ಲಿಂದ ಮುಂದೆ ಯಾರು ಸತ್ತರೂ ಅವಳಿಗೆ ಕರೆ ಬರುತ್ತಿತ್ತು. ಮದುವೆಗೆ ಕರೆಯದವರೂ ಸಾವಿಗೆ ಕರೆಯುತ್ತಿದ್ದರು. ಇತ್ತೀಚೆಗೆ ಮಸೀದಿಯ ಹೊಸ ಮೊಲ್ದೋ, ಅಂದರೆ ಮುಲ್ಲಾ, ಹಾಡಿ ಅಳುವುದು ಸರಿಯಲ್ಲ ಅನ್ನುತ್ತಾನೆ. ಅವನು ಗುಡಾರದ ಹತ್ತಿರ ಬಂದಾಗ ದನಿ ತಗ್ಗಿಸುತ್ತಾಳೆ, ಅತ್ತ ಹೋದ ಮೇಲೆ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಾಳೆ.

ಅವಳಿಗೆ ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಅದೇ ಅಂಗಳದ ಆಚೆ ಬದಿಯ ಮನೆಯಲ್ಲಿ ಓರಗಿತ್ತಿ ಬಾತ್ಮಾ ಇದ್ದಳು. ಅವಳೂ ವಿಧವೆ. ಹಗಲೆಲ್ಲ ಹಸು, ಕೋಳಿ, ಮಗಳ ಮನೆ ಎಂದು ಓಡಾಡುವವಳು. ಅವಳ ಬಾಯಿಗೂ ಕಾಲಿಗೂ ಬಿಡುವಿರಲಿಲ್ಲ.

ಕಲೀಪಾಳಿಗೆ ತನ್ನವಳೆಂದು ಇದ್ದವಳು ಊಲ್ಕಾನ್. ಇಬ್ಬರೂ ಒಂದೇ ಶರತ್ಕಾಲದಲ್ಲಿ ಸೊಸೆಯರಾಗಿ ಆ ಊರಿಗೆ ಬಂದವರು. ಒಂದೇ ತೊರೆಯ ನೀರು ಹೊತ್ತು, ಒಂದೇ ಚಾಪೆ ಸುತ್ತಿ ಜಮಖಾನಕ್ಕೆಂದು ಉಣ್ಣೆ ತುಳಿದವರು. ಹೋದ ಚಳಿಗಾಲ ಊಲ್ಕಾನ್ ಬೆಳಿಗ್ಗೆ ಅಂಗಳದ ಕೊನೆಯ ಪಾಯಿಖಾನೆಗೆ ಹೋಗುವಾಗ ಮಂಜುಗಡ್ಡೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಒಲೆಯ ಬೂದಿ ಎರಚಿರಲಿಲ್ಲ. ಎರಚೋಣ ಎಂದು ಸೊಸೆ ಬೂದಿಯ ಬಾನಿಯನ್ನು ಬಾಗಿಲ ಬಳಿ ಇಟ್ಟಿದ್ದಳಂತೆ. ಅಷ್ಟರಲ್ಲೇ ಆಗಿಹೋಯಿತು. ಅಂದಿನಿಂದ ಊಲ್ಕಾನ್ ಹಾಸಿಗೆ ಬಿಟ್ಟೆದ್ದಿರಲಿಲ್ಲ.

ಪ್ರತಿ ಶುಕ್ರವಾರ ಕಲೀಪಾ ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿಯುತ್ತಿದ್ದಳು. ಬೋರ್ಸೋಕ್ ಎನ್ನುವ ಈ ತಿಂಡಿ ಕರಿದ ಎಣ್ಣೆಯ ವಾಸನೆ ಆ ದಿನ ಸತ್ತವರಿಗೆ ತಲುಪುತ್ತದೆ. ಗಂಡನಿಗೆ, ಅತ್ತೆಗೆ, ಹೆಸರು ನೆನಪಿದ್ದವರಿಗೆಲ್ಲ ವಾಸನೆ. ಬೋರ್ಸೋಕ್ ಮಾತ್ರ ಬಟ್ಟೆಯಲ್ಲಿ ಕಟ್ಟಿಕೊಂಡು ಊಲ್ಕಾನಳಿಗೆ.

"ಬಂದ್ಯಾ? ನಾನು ಸತ್ತಿಲ್ಲ, ವಾಪಸ್ ಹೋಗು," ಅನ್ನುತ್ತಿದ್ದಳು ಊಲ್ಕಾನ್ ಮಲಗಿದಲ್ಲಿಂದಲೇ.

"ಕೇಳ್ಕೊಂಡು ಹೋಗೋಣ ಅಂತ ಬಂದೆ. ತಯಾರಿ ಮಾಡ್ಕೋಬೇಕಲ್ಲ."

"ಏನೇನು ಹಾಡ್ತೀಯ?"

"ನಿನ್ನ ಗಂಡ ಭಾರಿ ಒಳ್ಳೆಯವನು ಅಂತ."

"ಅಷ್ಟು ಹಾಡಿದ್ರೆ ಎದ್ದು ಬಂದು ಹೊಡೀತೀನಿ. ನಿಜ ಹಾಡು. ಹುಲ್ಲುಗಾವಲಲ್ಲಿ ನಾವಿಬ್ರು ಗಾಳಿಗೆ ನೇತಾಡಿದ್ದು ಹಾಡು." ಆಮೇಲೆ ಬೋರ್ಸೋಕನ್ನು ಚಹಾದಲ್ಲಿ ಅದ್ದಿ, ಹಲ್ಲಿಲ್ಲದ ಬಾಯಲ್ಲಿ ಮೆಲ್ಲುತ್ತ ಹೇಳುತ್ತಿದ್ದಳು: "ಬೇರೆ ಯಾರೂ ಬೇಡ. ನೀನೇ ಬರ್ಬೇಕು. ಕೈ ಮೇಲೆ ಕೈಯಿಟ್ಟು ಹೇಳು."

ಕಲೀಪಾ ಕೈಯಿಟ್ಟು ಹೇಳಿದ್ದಳು.

ಅಕ್ಟೋಬರಿನ ಒಂದು ಬೆಳಿಗ್ಗೆ ಅವಳಿಗೆ ತಲೆ ಭಾರವೆನ್ನಿಸಿತು. ರಕ್ತದೊತ್ತಡ ಏರಿರಬೇಕೆಂದು ತಾನೇ ತೀರ್ಮಾನಿಸಿ ಮಾತ್ರೆಯ ಮೇಲೆ ಇನ್ನೊಂದು ಮಾತ್ರೆ ನುಂಗಿ, ನೆಲದ ಮೇಲೆ ಹಾಸಿದ ರಜಾಯಿಯಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಳು. ಬೀದಿಯಲ್ಲಿ ಒಂದು ದೊಡ್ಡ ಗಾಡಿ ಊಲ್ಕಾನಳ ಮನೆಯ ಕಡೆ ತಿರುಗಿ ನಿಂತ ಸದ್ದಾಯಿತು. ಆಮೇಲೆ ಗಂಡಸರ ದನಿ. ಸಾವಿನ ಗುಡಾರದ ಗಳುಗಳನ್ನು ಇಳಿಸುತ್ತಿದ್ದಾರೆ ಎಂದುಕೊಂಡಳು. ಊಲ್ಕಾನ್ ಹೋಗಿಬಿಟ್ಟಳು.

ಕೂತಲ್ಲಿಂದ ಒಂದೇ ಸಲಕ್ಕೆ ಎದ್ದಳು. ಕಣ್ಣಿಗೆ ಕತ್ತಲು ಕವಿಯಿತು. ಅದು ಸರಿಯಾಗಲಿ ಎಂದು ಕಾಯಲಿಲ್ಲ. ಕಾಲಲ್ಲಿದ್ದದ್ದು ನುಣುಪು ತಳದ ಮೆದು ಬೂಟು. ಅದರ ಮೇಲೆ ಹಾಕುವ ರಬ್ಬರ್ ಜೋಡು ಹೊಸ್ತಿಲಾಚೆ ಇತ್ತು. ಬಣ್ಣ ಬಳಿದ ಹಲಗೆಯ ಮೇಲೆ ಜಾರುತ್ತಲೇ ಹೋಗಿ ಹೊಸ್ತಿಲಿಗೆ ಬಲಗಾಲು ಎತ್ತಿದಳು. ಚೌಕಟ್ಟು ಎರಡೂ ಬದಿ ಕೈಗೆ ಸಿಗುವಷ್ಟು ಹತ್ತಿರವಿತ್ತು. ಕೈ ಹೋಗಲಿಲ್ಲ.

ಬಿದ್ದಾಗ ಅರ್ಧ ಮೈ ಒಳಗೆ, ಅರ್ಧ ಹೊರಗೆ. ಎಡಗೈ ಮೈಯಡಿ ಸಿಕ್ಕಿ ಲಟಕ್ಕೆಂದಿತು. ಬಾತ್ಮಾಳ ಕೋಳಿಯೊಂದು ಹತ್ತಿರ ಬಂದು ಕತ್ತು ಓರೆ ಮಾಡಿ ನೋಡಿತು. ಕೂಗಬಹುದಿತ್ತು. ಆದರೆ ಅವಳ ದನಿ ಊರಿಗೆಲ್ಲ ಗೊತ್ತು. ಆ ದನಿ ಎದ್ದರೆ ಯಾರೋ ಸತ್ತರೆಂದು ಜನ ಓಡಿಬರುತ್ತಾರೆ, ಬಂದು ಹೊಸ್ತಿಲ ಮೇಲೆ ಅಡ್ಡಬಿದ್ದ ತನ್ನನ್ನು ನೋಡುತ್ತಾರೆ. ತುಟಿ ಕಚ್ಚಿ ಮಲಗಿದಳು. ಬಿಸಿಲು ಬೆನ್ನಿನಿಂದ ಕತ್ತಿಗೆ ಬಂತು. ಕೋಳಿಗೂ ಬೇಸರವಾಗಿ ಅದು ಹೋಯಿತು.

"ಅಯ್ಯೋ ಎಜೆ! ಇದೇನಿದು, ಹೊಸ್ತಿಲ ಮೇಲೆ ಮಲಗಿದೀಯ!" ಬಾತ್ಮಾ ಹಾಲಿನ ಬಕೀಟು ಕೆಳಗಿಟ್ಟು ಓಡಿಬಂದಳು. ಎಜೆ ಎಂದರೆ ಅಕ್ಕ. ಬೈಯುವಾಗಲೂ ಅವಳು ಹಾಗೇ ಕರೆಯುವುದು.

"ಊಲ್ಕಾನ್..." ಅಂದಳು ಕಲೀಪಾ.

"ಊಲ್ಕಾನಿಗೇನಾಗಿದೆ ಧಾಡಿ? ಅವರ ಮನೆಗೆ ಕಲ್ಲಿದ್ದಲು ಲಾರಿ ಬಂದಿದೆ. ನೀನು ಮೊದ್ಲು ಕೈ ತೋರ್ಸು."

ಜಿಲ್ಲಾ ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಸಂಜೆಯೊಳಗೆ ಸುದ್ದಿ ಊರೆಲ್ಲ ಹರಡಿತ್ತು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: ಇನ್ನು ಎಲ್ಲಿಗೂ ಹೋಗಬೇಡಿ ಅಪಾ, ಒಳಗೇ ಆರಾಮಾಗಿ ಕೂತಿರಿ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಅವಳು ಒಳಗೇ ಕೂತಳು. ಕೈ ಕೂಡಿಕೊಂಡಿತ್ತು, ಭಯ ಮಾತ್ರ ಹೋಗಿರಲಿಲ್ಲ. ಹೊಸ್ತಿಲ ಹತ್ತಿರ ಹೋದರೂ ಅಲ್ಲಿಂದಲೇ ಹಿಂದೆ ತಿರುಗುತ್ತಿದ್ದಳು. ಪಾಯಿಖಾನೆಗೆ ಹೋಗುವ ಬದಲು ಒಂದು ಬಕೀಟನ್ನು ಒಳಗೇ ಇಟ್ಟುಕೊಂಡಳು. ನೀರು ಬಾತ್ಮಾ ತರುತ್ತಿದ್ದಳು, ಕಲ್ಲಿದ್ದಲೂ ಅವಳೇ ತರುತ್ತಿದ್ದಳು, ತಂದಿಟ್ಟು ಬೈದು ಹೋಗುತ್ತಿದ್ದಳು. ಹಿಮ ಬಿತ್ತು. ಕಿಟಕಿಯಲ್ಲಿ ಕಾಣುತ್ತಿದ್ದದ್ದು ಬೇಲಿ, ಬೇಲಿಯ ಮೇಲೆ ಹಿಮ, ಹಿಮದ ಮೇಲೆ ಕಾಗೆ. ಮೊದಮೊದಲು ಒಲೆಯಿಂದ ಕಿಟಕಿಗೆ ಸಲೀಸಾಗಿ ನಡೆಯುತ್ತಿದ್ದವಳು ಆಮೇಲೆ ಗೋಡೆ ಹಿಡಿದು ನಡೆದಳು. ಸ್ಟಾಕಿಂಗ್ಸ್ ಜಾರಿ ಜಾರಿ ಪಾದದ ಮೇಲೆ ಬೀಳುತ್ತಿತ್ತು. ಸ್ಟಾಕಿಂಗ್ಸ್ ಸಡಿಲವಾಗಿದೆ ಎಂದುಕೊಂಡಳು. ಸಣ್ಣಗಾಗಿದ್ದದ್ದು ಕಾಲು.

ಆ ನಡುವೆ ಊರಲ್ಲಿ ಒಂದು ಸಾವಾಯಿತು. ಕರೆ ಬರಲಿಲ್ಲ. ಬಾತ್ಮಾಳನ್ನು ಕರೆದುಕೊಂಡು ಹೋದರು.

"ಹೇಗೆ ಹಾಡ್ದೆ?" ಎಂದು ಕೇಳಿದಳು ಕಲೀಪಾ, ಅವಳು ವಾಪಸು ಬಂದಾಗ.

"ನನ್ನ ಹಾಡು ಕೇಳಿ ಹೆಣ ಬೇಗ ಎತ್ತಿದ್ರು," ಅಂದಳು ಬಾತ್ಮಾ. ಕಲೀಪಾ ನಗಲಿಲ್ಲ.

ಮಾತಾಡಲು ಯಾರೂ ಇಲ್ಲದ ದಿನಗಳಲ್ಲಿ ಅವಳು ಊಲ್ಕಾನಳ ಹಾಡನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದಳು. ದನಿ ತೆಗೆದು ಹಾಡುವಂತಿರಲಿಲ್ಲ. ಬದುಕಿರುವವಳ ಮೇಲೆ ಹಾಡಿದರೆ ಏನಾದೀತೋ. ಶುಕ್ರವಾರ ಬೋರ್ಸೋಕನ್ನು ಬಾತ್ಮಾಳ ಕೈಯಲ್ಲಿ ಕಳಿಸುತ್ತಿದ್ದಳು. ಒಂದು ಶುಕ್ರವಾರ ಬಾತ್ಮಾ ಖಾಲಿ ಬಟ್ಟೆಯ ಜೊತೆ ಒಂದು ಮಾತನ್ನೂ ತಂದಳು.

"ಊಲ್ಕಾನ್ ಕೇಳಿದ್ಲು, ಹಾಡೋಳು ಬದುಕಿದಾಳಾ, ಇಲ್ಲಾ ನಾನೇ ಅವಳಿಗೆ ಹಾಡ್ಬೇಕಾ ಅಂತ. ತುಂಬಾ ಸೊರಗಿದಾಳೆ ಎಜೆ. ದನಿ ಸೊಳ್ಳೆ ದನಿ ಆಗಿದೆ."

ಮಾರನೆಯ ದಿನ ಜಿಪಾರ್ ಬಂದು ಕೇಳುವ ಮೊದಲೇ ಕಲೀಪಾ ಹೇಳಿದಳು:

"ಹಸು ಒದ್ದಿದ್ದಲ್ಲ. ನಾನು ಬಿದ್ದಿದ್ದೆ. ಎಷ್ಟೋ ಸಲ ಬಿದ್ದಿದೀನಿ. ಈಗ ಹೇಳು, ಊಲ್ಕಾನಳ ಮನೆವರೆಗೆ ಹೋಗೋಕೆ ಏನು ಮಾಡ್ಬೇಕು?"

ಜಿಪಾರ್ ಕೋಟು ಬಿಚ್ಚಿಟ್ಟು ಕೂತಳು. ಮಾತ್ರೆಗಳನ್ನೆಲ್ಲ ಮುಂದಿಡಿಸಿ ನೋಡಿದಳು.

"ತಲೆ ಭಾರ ಅಂತ ಮನಸ್ಸಿಗೆ ಬಂದಷ್ಟು ನುಂಗಿದ್ರೆ ಒತ್ತಡ ಪಾತಾಳಕ್ಕಿಳಿಯುತ್ತೆ ಅಪಾ. ಎದ್ದ ತಕ್ಷಣ ಕತ್ತಲು ಬರೋದು ಅದಕ್ಕೇ. ದಿನಕ್ಕೆ ಒಂದೇ. ಎಷ್ಟಿರಬೇಕು ಅಂತ ಡಾಕ್ಟರ ಹತ್ರ ನಾನೇ ಮಾತಾಡ್ತೀನಿ. ಏಳುವಾಗ ಮೊದ್ಲು ಮಂಡಿ ಮೇಲೆ ಬನ್ನಿ, ಆ ಗೋಡೆ ಬದಿಯ ಬಟ್ಟೆ ಪೆಟ್ಟಿಗೆ ಹಿಡೀರಿ, ಸ್ವಲ್ಪ ಉಸಿರು ತಗೊಳ್ಳಿ, ಆಮೇಲೆ ನಿಲ್ಲಿ. ನಿಂತ ಮೇಲೂ ಒಂದು ಗಳಿಗೆ ಹಾಗೇ ಇರಿ, ಎಲ್ಲಿಗೂ ಓಡ್ಬೇಡಿ."

"ಓಡೋಕೆ ಕಾಲೆಲ್ಲಿದೆ?"

"ಕೂತೇ ಇದ್ರೆ ಎಲ್ಲಿಂದ ಬರುತ್ತೆ? ದಿನಾ ಪೆಟ್ಟಿಗೆ ಹಿಡಿದು ಕೂತು ಏಳಿ. ಹಿಮ್ಮಡಿ ಎತ್ತಿ ಇಳಿಸಿ. ಆ ನುಣುಪು ಬೂಟು ಬಿಡಿ. ಅಲ್ಲಿ ಜಮಖಾನದ ಮೂಲೆ ಎದ್ದಿದೆ ನೋಡಿ, ಅದಕ್ಕೆ ಮೊಳೆ ಹೊಡೀಬೇಕು." ಬಾಗಿಲ ಕಡೆ ನೋಡಿ ಮುಂದುವರಿಸಿದಳು: "ಮತ್ತೆ ಚೌಕಟ್ಟಿಗೆ ಎರಡೂ ಕಡೆ ಒಂದೊಂದು ಕಬ್ಬಿಣದ ಹಿಡಿ ಹಾಕಿಸ್ತೀನಿ."

ಕಲೀಪಾ ಮುಖ ಬಿಗಿದುಕೊಂಡಳು. "ಅದು ಬೇಡ."

"ಯಾಕೆ?"

"ಯಾಕೆ ಅಂತ ನಿನಗೆ ಗೊತ್ತಿಲ್ವಾ? ನೀನೇನು ಬೇರೆ ದೇಶದವಳಾ?"

ಜಿಪಾರಳಿಗೂ ಗೊತ್ತಿತ್ತು. ಆದರೂ ವಾದ ಮಾಡಿದಳು. ಸೊಂಟ ಮುರಿಯುವುದಕ್ಕಿಂತ ಇದು ಮೇಲು ಎಂದಳು. ಊಲ್ಕಾನಳನ್ನು ನೆನಪಿಸಿದಳು. ಕಲೀಪಾ ತಲೆ ಅಲ್ಲಾಡಿಸುತ್ತಲೇ ಇದ್ದಳು. ಸಾಕ್ಷಿಗೆ ಬಾತ್ಮಾಳನ್ನು ಕರೆದರೆ ಅವಳೂ ಅದೇ ಕಡೆ ಸೇರಿಬಿಟ್ಟಳು.

"ಈ ಅಂಗಳದಲ್ಲಿ ಚೌಕಟ್ಟು ಹಿಡಿಯೋದಾ! ಎಜೆ ಹಿಡಿದು ನಿಂತ್ರೆ ಸಾವು ಬರುತ್ತೆ. ಬಂದು ಯಾರನ್ನ ತಗೊಂಡು ಹೋಗುತ್ತೆ? ಎಜೆ ಬಿಟ್ರೆ ಇಲ್ಲಿರೋದು ನಾನೊಬ್ಳೇ. ನನಗಿನ್ನೂ ಹೋಗೋ ಆಸೆ ಇಲ್ಲಮ್ಮ. ಹಸು ಗಬ್ಬ ಇದೆ."

ಜಿಪಾರ್ ನಗು ತಡೆಯಲಾರದೆ ಎದ್ದು ಹೋದಳು.

ಬಾತ್ಮಾ ಮಾತ್ರ ಹೋಗಲಿಲ್ಲ. ಹೊಸ್ತಿಲ ಹತ್ತಿರ ನಿಂತು ಮೇಲೆ ನೋಡಿದಳು, ಕೆಳಗೆ ನೋಡಿದಳು, ಏನೋ ಗೊಣಗುತ್ತ ತನ್ನ ಮನೆಗೆ ಹೋಗಿ ಪೆಟ್ಟಿಗೆ ಕೆದಕಿ ಬಂದಳು. ಕೈಯಲ್ಲಿ ಅಂಗೈಯಗಲದ ಒಂದು ಉದ್ದನೆಯ ಉಣ್ಣೆಯ ಪಟ್ಟಿ. ಕೆಂಪು ಮಾಸಿ ಇಟ್ಟಿಗೆಯ ಬಣ್ಣವಾಗಿತ್ತು.

"ಗುರುತು ಸಿಕ್ತಾ?"

ಸಿಗದೇ ಏನು. ಎರಡೂ ಮನೆಗೆ ಸೇರಿದ್ದ ಗುಡಾರಕ್ಕೆಂದು ಕಲೀಪಾಳೇ ನೇಯ್ದ ಗಾಳಿಹಗ್ಗ ಅದು. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ ಹೋದಾಗ ಗುಡಾರದ ನೆತ್ತಿಯ ಮರದ ಬಳೆಯಿಂದ ಅದು ಇಳಿಬಿದ್ದಿರುತ್ತಿತ್ತು. ಬಿರುಗಾಳಿ ಎದ್ದರೆ ಅದಕ್ಕೆ ಜೋತುಬಿದ್ದು ಗುಡಾರ ಹಾರದಂತೆ ಹಿಡಿಯಬೇಕು. ಒಂದು ಬೇಸಿಗೆ ಗಂಡಸರೆಲ್ಲ ಕುದುರೆಗಳ ಹಿಂದೆ ಹೋದಾಗ ಗಾಳಿ ಬಂತು. ಪಕ್ಕದ ಗುಡಾರದಿಂದ ಊಲ್ಕಾನ್ ಓಡಿಬಂದಳು. ಇಬ್ಬರು ಎಳೆ ಸೊಸೆಯರು ಒಂದೇ ಹಗ್ಗಕ್ಕೆ ಜೋತುಬಿದ್ದು, ಕಾಲು ನೆಲಬಿಟ್ಟು ಮೇಲೇಳುವಾಗ ಕಿರುಚಿ, ಮತ್ತೆ ಕೆಳಗಿಳಿಯುವಾಗ ನಕ್ಕು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳಲೂ ಕೈಯಿಲ್ಲದೆ ನೇತಾಡಿದ್ದರು. ಗುಡಾರ ಹಾರಲಿಲ್ಲ.

"ಇದು ಚೌಕಟ್ಟಲ್ಲ," ಅಂದಳು ಬಾತ್ಮಾ. "ಮೇಲಿನ ತೊಲೆಗೆ ಕಟ್ತೀನಿ. ಇದನ್ನ ಹಿಡಿದ್ರೆ ಯಾರೂ ಸಾಯಲ್ಲ. ಆಗ ಗುಡಾರ ಹಾರಬಾರ್ದು ಅಂತ ಹಿಡೀತಿದ್ರಿ, ಈಗ ನೀನು ಹಾರಬೇಡ."

ಹೊಸ್ತಿಲ ಒಳಬದಿಗೊಂದು, ಹೊರಗಿನ ಚಾವಣಿಯ ತೊಲೆಗೊಂದು, ಹಗ್ಗವನ್ನು ಎರಡು ತುಂಡು ಮಾಡಿ ಕಟ್ಟಿದರು. ಕೈ ಜಾರದಂತೆ ಅಲ್ಲಲ್ಲಿ ಗಂಟು ಹಾಕಿದರು. ಜಿಪಾರ್ ಮುಂದಿನ ಸಲ ಬಂದಾಗ ತಾನೇ ಮೈಭಾರವೆಲ್ಲ ಬಿಟ್ಟು ಜೋತುಬಿದ್ದು ನೋಡಿದಳು.

"ಕಬ್ಬಿಣದಷ್ಟು ಗಟ್ಟಿ ಅಲ್ಲ, ಸ್ವಲ್ಪ ಓಲಾಡುತ್ತೆ. ಒಂದು ಕೈಲಿ ಇದನ್ನ ಹಿಡೀರಿ, ಇನ್ನೊಂದರಲ್ಲಿ ಕೋಲು ಊರಿ. ನೀವು ಮುಟ್ಟದೇ ಇರೋ ಕಬ್ಬಿಣ ಹಾಕ್ಸಿ ಏನು ಮಾಡ್ಲಿ?"

ಕಲೀಪಾ ಪೆಟ್ಟಿಗೆ ಹಿಡಿದು ಕೂತಳು, ಎದ್ದಳು. ಮೊದಲ ದಿನಗಳಲ್ಲಿ ತೊಡೆ ನಡುಗಿ ಅಳು ಬಂತು. ಕೂರಲು ರಜಾಯಿಗಳನ್ನು ಮಡಚಿ ಮಡಚಿ ಎತ್ತರದ ಮೆತ್ತೆ ಮಾಡಿಕೊಂಡಳು. ಬಾತ್ಮಾ ಅದನ್ನು ನೋಡಿ, "ರಾಣಿಯ ಸಿಂಹಾಸನ" ಎಂದು ಆಡಿಕೊಂಡಳು. ಗಾಳಿಹಗ್ಗ ಹಿಡಿದು ಹೊಸ್ತಿಲು ದಾಟಿ ಅಂಗಳದಲ್ಲಿ ನಿಂತ ದಿನ ತಣ್ಣನೆಯ ಗಾಳಿ ಮುಖಕ್ಕೆ ಬಡಿದು ಕಣ್ಣಲ್ಲಿ ನೀರು ಬಂತು. ಮುಂದಿನ ಶುಕ್ರವಾರ ಬೇಲಿಯವರೆಗೆ ಹೋಗುವುದು, ಹಿಮ ಕರಗಿದ ಮೇಲೆ ಊಲ್ಕಾನಳ ಮನೆಗೆ ಎಂದು ಲೆಕ್ಕ ಹಾಕಿಕೊಂಡಳು.

ಹಿಮ ಕರಗುವವರೆಗೆ ಊಲ್ಕಾನ್ ಕಾಯಲಿಲ್ಲ.

ಮಾರ್ಚಿನ ಒಂದು ಬೆಳಿಗ್ಗೆ ಗಂಡಸರು ಗೋಳಾಡುವ ಸದ್ದು ಗಾಳಿಯಲ್ಲಿ ತೇಲಿಬಂತು. ಕಲೀಪಾ ಕಿಟಕಿಯ ಹತ್ತಿರ ಬಂದು ನೋಡಿದಳು. ಬಾತ್ಮಾ ಕರಿಯ ಶಾಲು ಹೊದ್ದು, ಸದ್ದಾಗದಂತೆ ಬೇಲಿಯ ಅಗಳಿ ತೆಗೆಯುತ್ತಿದ್ದಳು. ಕಲೀಪಾ ಕಿಟಕಿ ತಟ್ಟಿದಳು.

ಬಾತ್ಮಾ ಒಳಗೆ ಬಂದು ನೆಲ ನೋಡುತ್ತ ನಿಂತಳು. "ಅವಳ ಸೊಸೆ ಹೇಳಿ ಕಳಿಸಿದ್ಲು. ಎಜೆಗೆ ತಿಳಿಸ್ಬೇಡ, ದಾರಿಯೆಲ್ಲ ಮಂಜುಗಡ್ಡೆ, ಬಿದ್ರೆ ಆ ಪಾಪ ನಮ್ಮ ತಲೆ ಮೇಲೆ ಅಂತ. ನಿನ್ನ ಮೇಲಿನ ಪ್ರೀತಿಗೇ ಹೇಳಿದ್ದು."

"ಗೊತ್ತು," ಅಂದಳು ಕಲೀಪಾ. "ರಬ್ಬರ್ ಜೋಡು ಕೊಡು. ಒಲೆಯ ಬೂದಿ ಬಾನಿಗೆ ತುಂಬು."

"ಎಜೆ..."

"ಕೈ ಮೇಲೆ ಕೈಯಿಟ್ಟು ಹೇಳಿದೀನಿ. ನೀನು ಮುಂದೆ ಬೂದಿ ಎರಚ್ತಾ ನಡಿ, ನಾನು ಹಿಂದೆ ಬರ್ತೀನಿ. ಆತುರ ಇಲ್ಲ. ಅವಳೇನು ಈಗ ಎಲ್ಲೂ ಹೋಗಲ್ಲ."

ಮಂಡಿಯ ಮೇಲೆ ಬಂದು, ಪೆಟ್ಟಿಗೆ ಹಿಡಿದು, ಉಸಿರು ತೆಗೆದುಕೊಂಡು ಎದ್ದಳು. ಎದ್ದು ನಿಂತು ಕತ್ತಲು ಸರಿಯಲು ಬಿಟ್ಟಳು. ಗಾಳಿಹಗ್ಗ ಹಿಡಿದು ಹೊಸ್ತಿಲು ದಾಟಿದಳು. ಬಾತ್ಮಾ ಹಿಡಿ ಹಿಡಿ ಬೂದಿ ಚೆಲ್ಲುತ್ತ ಹೋದಳು. ಕಲೀಪಾ ಆ ಬೂದುಬಣ್ಣದ ದಾರಿಯಲ್ಲಿ ಕೋಲೂರಿ, ಪಾದದ ಮುಂದೆ ಪಾದ ಇಡುತ್ತ ಬಂದಳು. ಅರ್ಧ ದಾರಿಯಲ್ಲಿ ಬೂದಿ ಮುಗಿದಾಗ ಬಾತ್ಮಾ ಪಕ್ಕದ ಮನೆಯಿಂದ ಬೇಡಿ ತಂದಳು. ಅಷ್ಟೂ ಹೊತ್ತು ಕಲೀಪಾ ಬೀದಿಯ ನಡುವೆ ಅಲುಗಾಡದೆ ನಿಂತಿದ್ದಳು.

ಊಲ್ಕಾನಳ ಅಂಗಳದಲ್ಲಿ ಗುಡಾರ ಎದ್ದಿತ್ತು. ಹೊರಗೆ ಗಂಡಸರು ಕೋಲಿನ ಮೇಲೆ ಬಾಗಿ ಅಳುತ್ತಿದ್ದರು. ಗುಡಾರಕ್ಕೂ ಒಂದು ಹೊಸ್ತಿಲಿತ್ತು. ಸೊಸೆ ಕೈಹಿಡಿಯಲು ಓಡಿಬಂದಳು. ಕಲೀಪಾ ಬೇಡವೆಂದು ತಲೆಯಾಡಿಸಿ ಕೋಲನ್ನು ಅವಳ ಕೈಗೆ ಕೊಟ್ಟಳು. ಇಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಸಾವು ಆಗಲೇ ಬಂದು ಕೂತಿತ್ತು. ಎರಡೂ ಕೈ ಚಾಚಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಒಳಗೆ ಕಾಲಿಟ್ಟಳು. ಎಷ್ಟು ಸುಲಭವಾಗಿತ್ತು ಅದು.

ಸೊಸೆ ಮಡಚಿ ಹಾಕಿದ ರಜಾಯಿಗಳ ಮೇಲೆ ಎತ್ತರಕ್ಕೆ ಕೂತು, ಗೋಡೆಗೆ ಮುಖ ಮಾಡಿ, ಸೊಂಟಕ್ಕೆ ಕೈಯಿಟ್ಟಳು. ಚಳಿಗಾಲವಿಡೀ ಮನಸ್ಸಿನಲ್ಲೇ ಕಟ್ಟಿದ್ದ ಹಾಡು ದನಿಯಾಗಿ ಹೊರಬಂತು:

"ಒಂದೇ ಹಗ್ಗಕೆ ಜೋತವರು ನಾವು, ಗಾಳಿಗೆ ನಕ್ಕವರು,
ನೆಲ ಬಿಟ್ಟ ಕಾಲನು ನೆಲಕಿಳಿಸಿಕೊಂಡವರು;
ನೀ ಕೈ ಬಿಟ್ಟೆಯಲ್ಲೇ ಗೆಳತಿ, ನಾನೊಬ್ಬಳೇ ಹಿಡಿದಿದ್ದೇನೆ,
ಒಬ್ಬಳ ಭಾರಕ್ಕೆ ಈ ಗುಡಾರ ನಿಲ್ಲುವುದೇ?"

ಮೊಲ್ದೋ ಹತ್ತಿರ ಬಂದಾಗಲೂ ಅವಳು ಈ ಸಲ ದನಿ ತಗ್ಗಿಸಲಿಲ್ಲ. ಅವನೇ ಗುಡಾರ ದಾಟಿ ಮುಂದೆ ಹೋದ. ಹೆಣ ಎತ್ತುವಾಗ ಹೆಂಗಸರೆಲ್ಲ ದಡಕ್ಕನೆ ಎದ್ದರು. ಕಲೀಪಾ ಮಾತ್ರ ಮಂಡಿಯ ಮೇಲೆ ಬಂದು, ಉಸಿರು ತೆಗೆದುಕೊಂಡು, ಎಲ್ಲರಿಗಿಂತ ಕೊನೆಗೆ ಎದ್ದಳು. ಬಾಗಿಲಿಗೆ ಬರುವ ಹೊತ್ತಿಗೆ ಊಲ್ಕಾನಳನ್ನು ಹೊತ್ತವರು ಬೇಲಿ ದಾಟಿದ್ದರು. ಬೆನ್ನುಗಳಷ್ಟೇ ಕಂಡವು.

ಹಿಮ ಕರಗಿತು. ಊರಿನಲ್ಲಿ ಅವಳನ್ನು ಮತ್ತೆ ಕರೆಯತೊಡಗಿದರು. ಕರೆದವರು ಬೂದಿ ಎರಚಿ, ಎತ್ತರದ ಮೆತ್ತೆ ಹಾಕಿ ಕರೆಯುತ್ತಿದ್ದರು. ಜಿಪಾರ್ ಬಂದು ಕೇಳಿದಾಗ ಬಿದ್ದಿಲ್ಲ ಅನ್ನುತ್ತಿದ್ದಳು. ಅದು ನಿಜವಾಗಿತ್ತು. ಕಾಲು ಮೊದಲಿಗಿಂತ ಗಟ್ಟಿಯಾಗಿತ್ತು. ಊಲ್ಕಾನಳ ಮನೆಯವರೆಗೆ ಹೋಗಿ ಬರಲು ಈಗ ಯಾವ ತೊಂದರೆಯೂ ಇರಲಿಲ್ಲ.

ಶುಕ್ರವಾರ ಕಲೀಪಾ ಹಿಟ್ಟು ನಾದಿ, ತುಂಡು ಮಾಡಿ, ಎಣ್ಣೆಯಲ್ಲಿ ಬೋರ್ಸೋಕ್ ಕರಿದಳು. ಅಭ್ಯಾಸಬಲದಿಂದ ಬಟ್ಟೆ ಹಾಸಿ ಕಟ್ಟತೊಡಗಿದವಳು ಗಂಟು ಹಾಕುವಷ್ಟರಲ್ಲಿ ಕೈ ನಿಲ್ಲಿಸಿದಳು. ಇನ್ನು ಹೊತ್ತುಕೊಂಡು ಹೋಗಬೇಕಾಗಿರಲಿಲ್ಲ. ವಾಸನೆ ತಾನೇ ಹೋಗುತ್ತದೆ.

ಎದ್ದು ಬಾಗಿಲನ್ನು ಪೂರಾ ತೆರೆದಳು. ಗಾಳಿಹಗ್ಗ ಹಿಡಿದು, ಹೊಸ್ತಿಲ ಈಚೆಗೇ, ಎಣ್ಣೆಯ ಹೊಗೆ ಅಂಗಳ ದಾಟಿ ಬೇಲಿಯಾಚೆ ಹೋಗುವವರೆಗೂ ನಿಂತಿದ್ದಳು.